‘ಇ’ ವರ್ಗದ ವರ್ಧಕ: ಸೋಕಲ್ ತಂದೆಮಕ್ಕಳ 1975ರ ಪ್ರಬಂಧದ ವಿಮರ್ಶೆ

1

ಶಾಸ್ತ್ರಪ್ರಬಂಧಗಳನ್ನು ವಿಮರ್ಶೆಗೆ ವಿಷಯವನ್ನಾಗಿ ಮಾಡಿಕೊಳ್ಳುವುದು ಸಾಹಿತ್ಯಪತ್ರಿಕೆಗಳಲ್ಲಿ ವಿರಳ. ಕಾವ್ಯನಾಟಕಗಳಲ್ಲಿ ರಸವನ್ನೂ ಔಚಿತ್ಯವನ್ನೂ ಅರಸಿ ಪಳಗಿದ ಕಣ್ಣಿಗೆ ಯಂತ್ರಶಾಸ್ತ್ರದ ಬರವಣಿಗೆಯು ಅಂಕಿಗಳ ಮತ್ತು ಸಮೀಕರಣಗಳ ಒಣ ರಾಶಿಯಾಗಿ ತೋರುವುದು ಸಹಜವೇ. ಆದರೆ ಬರವಣಿಗೆಯು ಯಾವ ವಿಷಯದ್ದಾದರೂ ಆಗಲಿ, ಅದರಲ್ಲಿ ಬಳಸಿದ ಶಬ್ದಗಳಿಗೆ ಇಂತಿಷ್ಟೇ ಅರ್ಥವೆಂಬ ಎಲ್ಲೆಯನ್ನು ಗುರುತಿಸಿದೆಯೆ, ಹೇಳಿದ ಮಾತಿಗೆ ಆಧಾರವುಂಟೆ, ಆ ಆಧಾರವು ಹೇಳಿದಷ್ಟನ್ನೂ ಹೊರಬಲ್ಲುದೆ ಎಂಬ ಪ್ರಶ್ನೆಗಳು ಎಲ್ಲೆಡೆಯಲ್ಲಿಯೂ ಒಂದೇ. ಈ ಪ್ರಶ್ನೆಗಳನ್ನು ಕೇಳಿ ನೋಡುವುದಕ್ಕೆ ತಕ್ಕುದಾದ ಒಂದು ಪ್ರಬಂಧವು 1975ರ ಜೂನ್ ತಿಂಗಳಿನಲ್ಲಿ ಅಮೆರಿಕದ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯೊಂದರ ಪತ್ರಿಕೆಯಲ್ಲಿ ಪ್ರಕಟವಾಯಿತು. ಕರ್ತೃಗಳು ನೇಥನ್ ಸೋಕಲ್ ಮತ್ತು ಅಲನ್ ಸೋಕಲ್ ಎಂಬ ತಂದೆಮಕ್ಕಳು. ಶಿರೋನಾಮೆಯ ತಾತ್ಪರ್ಯವನ್ನು ಕನ್ನಡದಲ್ಲಿ ಹೇಳುವುದಾದರೆ, ‘ಇ’ ವರ್ಗವೆಂಬುದು ಶ್ರುತಿಗೊಳಿಸಿದ, ಸ್ವಿಚ್ಚಿನಂತೆ ವರ್ತಿಸುವ, ಹೆಚ್ಚು ದಕ್ಷತೆಯುಳ್ಳ ಶಕ್ತಿವರ್ಧಕಗಳ ಒಂದು ಹೊಸ ವರ್ಗವೆಂದಾಗುತ್ತದೆ.

ಈ ಇಬ್ಬರಲ್ಲಿ ಕಿರಿಯವನ ಹೆಸರು ಸಾಹಿತ್ಯದ ಅಧ್ಯಾಪಕರಿಗೆ ಬೇರೊಂದು ಕಾರಣದಿಂದ ಪರಿಚಿತವಾಗಿದೆ. 1996ರಲ್ಲಿ ‘ಸೋಷಿಯಲ್ ಟೆಕ್ಸ್ಟ್’ ಎಂಬ ಸಂಸ್ಕೃತಿಸಮೀಕ್ಷೆಯ ಪತ್ರಿಕೆಯು ಭೌತಶಾಸ್ತ್ರದ ಗುರುತ್ವಸಿದ್ಧಾಂತವನ್ನು ಕುರಿತು ಅಲನ್ ಸೋಕಲನು ಬರೆದ ಒಂದು ಲೇಖನವನ್ನು ಪ್ರಕಟಿಸಿತು. ಅದು ಬೇಕೆಂದೇ ಅಸಂಬದ್ಧವಾಗಿ ಹೆಣೆದ ಅಣಕವೆಂದು ಅವನೇ ಅದೇ ವರ್ಷ ‘ಲಿಂಗ್ವಾ ಫ್ರಾಂಕ’ ಎಂಬ ಪತ್ರಿಕೆಯಲ್ಲಿ ಬಯಲುಮಾಡಿದನು. ಮರುವರ್ಷ ಝಾನ್ ಬ್ರಿಕ್‌ಮಾನ್‌ನೊಡಗೂಡಿ ಫ್ರೆಂಚ್ ಭಾಷೆಯಲ್ಲಿ ಒಂದು ಪುಸ್ತಕವನ್ನೂ ಹೊರತಂದು, ಗಣಿತದ ಮತ್ತು ಭೌತಶಾಸ್ತ್ರದ ಪರಿಭಾಷೆಯನ್ನು ಅರ್ಥದ ಹೊಣೆಯಿಲ್ಲದೆ ಬಳಸಿದ ಹಲವು ಚಿಂತಕರನ್ನು ಆಕ್ಷೇಪಿಸಿದನು. ಅಂದಿನಿಂದ ಅವನ ಹೆಸರು ಮಾನವಿಕ ಶಾಸ್ತ್ರಗಳ ಮೇಲಣ ಒಂದು ಆಪಾದನೆಗೆ ಪರ್ಯಾಯವೆಂಬಂತೆ ನಿಂತಿದೆ. ಪರರ ಬರವಣಿಗೆಯಲ್ಲಿ ಪ್ರತಿಯೊಂದು ಪದಕ್ಕೂ ಲೆಕ್ಕ ಕೇಳಿದ ಆತನು ತನ್ನ 20ನೆಯ ವಯಸ್ಸಿನಲ್ಲಿ ಸಹಕರ್ತೃವಾಗಿ ಬರೆದ ಪ್ರಬಂಧವು ಅದೇ ಲೆಕ್ಕಕ್ಕೆ ನಿಲ್ಲುವುದೆ ಎಂಬುದು ವಿಚಾರಕ್ಕೆ ಯೋಗ್ಯವಾದ ಪ್ರಶ್ನೆ. ಉತ್ತರವನ್ನು ಹೇಳುವುದಕ್ಕೆ ಪ್ರಬಂಧದ ವಿಷಯವನ್ನೇ ಮೊದಲು ತಿಳಿಯಬೇಕು. ಹಾಗಲ್ಲದೆ ತೀರ್ಪು ಕೊಟ್ಟರೆ 1996ರ ಆಪಾದನೆಯನ್ನು ನಿಜಗೊಳಿಸಿದಂತಾಗುವುದು.

2

ಬಾನುಲಿಯ ಪ್ರಸಾರಯಂತ್ರದಲ್ಲಿ ಕೊನೆಯ ಘಟ್ಟವು ಶಕ್ತಿವರ್ಧಕ. ಹೆಸರಿಗೆ ವರ್ಧಕವಾದರೂ ಅದು ಶಕ್ತಿಯನ್ನು ಸೃಷ್ಟಿಸುವುದಿಲ್ಲ. ಬ್ಯಾಟರಿಯಿಂದಾಗಲಿ ಬೇರೆ ಪೂರೈಕೆಯಿಂದಾಗಲಿ ಬರುವ ಏಕಮುಖ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಅತ್ತಿತ್ತ ಹರಿಯುವ ವಿದ್ಯುತ್ತನ್ನಾಗಿ ಮಾರ್ಪಡಿಸಿ ಆಂಟೆನಕ್ಕೆ ಒಪ್ಪಿಸುವುದಷ್ಟೆ ಅದರ ಕೆಲಸ. ಆದಕಾರಣ ಪ್ರತಿಯೊಂದು ಶಕ್ತಿವರ್ಧಕವೂ ವಾಸ್ತವವಾಗಿ ಒಂದು ಶಕ್ತಿಪರಿವರ್ತಕವೇ. ಒಳಬಂದ ಶಕ್ತಿಯಲ್ಲಿ ಎಷ್ಟು ಪಾಲು ಆಂಟೆನವನ್ನು ಸೇರುವುದೋ ಅದು ದಕ್ಷತೆ. ಉಳಿದುದೆಲ್ಲ ಶಾಖವಾಗಿ ವ್ಯಯವಾಗುವುದು.

ಹಳೆಯ ವರ್ಗಗಳಾದ ‘ಎ’ ಮತ್ತು ‘ಬಿ’ಗಳಲ್ಲಿ ಈ ವ್ಯಯವು ದೊಡ್ಡದು. ಯಾವ ದೋಷವೂ ಇಲ್ಲದ ಆದರ್ಶಸ್ಥಿತಿಯಲ್ಲಿಯೇ ‘ಎ’ ವರ್ಗದ ದಕ್ಷತೆಯು ನೂರಕ್ಕೆ 50ನ್ನು ಮೀರಲಾರದು, ‘ಬಿ’ ವರ್ಗದ್ದು 78.5ನ್ನು ಮೀರಲಾರದು. ಕಾರಣವು ಸರಳ. ಅಲ್ಲಿ ಟ್ರಾನ್ಸಿಸ್ಟರು ಅರೆ ತೆರೆದ ನಲ್ಲಿಯಂತೆ ಕೆಲಸಮಾಡುವುದು: ಅದರ ಮೇಲೆ ವಿದ್ಯುತ್ತಿನ ಒತ್ತಡವೂ ಅದರ ಮೂಲಕ ಪ್ರವಾಹವೂ ಏಕಕಾಲದಲ್ಲಿ ಇರುತ್ತವೆ, ಇವೆರಡರ ಗುಣಲಬ್ಧವೇ ಶಾಖ. ಟ್ರಾನ್ಸಿಸ್ಟರನ್ನು ನಲ್ಲಿಯಂತೆ ಬಳಸದೆ ಸ್ವಿಚ್ಚಿನಂತೆ ಬಳಸಿದರೆ, ಮುಚ್ಚಿದಾಗ ಪ್ರವಾಹವುಂಟು, ಒತ್ತಡವಿಲ್ಲ. ತೆರೆದಾಗ ಒತ್ತಡವುಂಟು, ಪ್ರವಾಹವಿಲ್ಲ. ಗುಣಲಬ್ಧವು ಎರಡು ಸ್ಥಿತಿಯಲ್ಲಿಯೂ ಸೊನ್ನೆ. ‘ಡಿ’ ವರ್ಗದ ತತ್ತ್ವವು ಇದೇ.

ಆದರೆ ಈ ತತ್ತ್ವಕ್ಕೆ ಕಾಲವೆಂಬ ಶತ್ರುವಿದೆ. ಸ್ವಿಚ್ಚು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವಾಗ ಕ್ಷಣಕಾಲ ಅರೆ ತೆರೆದೇ ಇರುವುದು. ಸೆಕೆಂಡಿಗೆ ಕೆಲವು ಸಾವಿರ ಸಲ ಮಾತ್ರ ಬದಲಾಗುವಲ್ಲಿ ಈ ಕ್ಷಣವು ಗಣನೆಗೆ ಬಾರದು. 3.9 ಮೆಗಾಹರ್ಟ್ಸ್ ಆವರ್ತನದಲ್ಲಾದರೋ ಒಂದು ಇಡೀ ಆವರ್ತಕ್ಕೆ ಸಿಕ್ಕುವ ಕಾಲವು ಸುಮಾರು 256 ನ್ಯಾನೊಸೆಕೆಂಡುಗಳು ಮಾತ್ರ. ಅಲ್ಲಿ ಆ ಕ್ಷಣವು ಆವರ್ತದ ಗಣ್ಯವಾದ ಭಾಗವಾಗಬಹುದು. ಇದಲ್ಲದೆ ಟ್ರಾನ್ಸಿಸ್ಟರಿನ ಒಡಲಲ್ಲಿಯೇ ಒಂದು ಕೆಪಾಸಿಟರು ಅಡಗಿದೆ. ತೆರೆದಿದ್ದಾಗ ಅದರಲ್ಲಿ ತುಂಬಿದ ಶಕ್ತಿಯು ಸ್ವಿಚ್ಚು ಮುಚ್ಚಿದೊಡನೆ ಶಾಖವಾಗಿ ಸುಟ್ಟುಹೋಗುವುದು. 100 ಪಿಕೊಫ್ಯಾರಡ್ ಧಾರಣೆಯು 50 ವೋಲ್ಟಿಗೆ ತುಂಬಿ 3.9 ಮೆಗಾಹರ್ಟ್ಸಿನಲ್ಲಿ ಬರಿದಾಗುತ್ತಿದ್ದರೆ ಅದೊಂದರಿಂದಲೇ ಸುಮಾರು ಅರ್ಧ ವಾಟ್ ನಷ್ಟ. ಆವರ್ತನವು ಹತ್ತು ಮಡಿಯಾದರೆ ನಷ್ಟವೂ ಹತ್ತು ಮಡಿ. ಉನ್ನತ ಆವರ್ತನದ ಪರಿವರ್ತಕವನ್ನು ರಚಿಸುವವರೆಲ್ಲರೂ ಎದುರಿಸಬೇಕಾದ ಪೂರ್ವಪಕ್ಷವು ಇದು.

3

ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಪಾಠ ಹೇಳುವವರಿಗೆ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವು ಕರತಲಾಮಲಕವಾಗಿದೆ. ಸೋಕಲ್ ತಂದೆಮಕ್ಕಳ ಪ್ರಬಂಧವನ್ನು ಓದುವುದಕ್ಕೆ ಇದೇ ಕ್ರಮವು ಅನುಕೂಲಿಸುವುದು.

ಸೂತ್ರವು ಮೂರು ನಿಯಮಗಳಲ್ಲಿ ಅಡಕವಾಗಿದೆ. ಮೊದಲನೆಯದು, ಸ್ವಿಚ್ಚು ತೆರೆಯುವಾಗ ಅದರ ಮೇಲಣ ಒತ್ತಡವು ಪ್ರವಾಹವು ಪೂರ್ಣವಾಗಿ ನಿಂತಮೇಲೆಯೇ ಏರತಕ್ಕದ್ದು. ಎರಡನೆಯದು, ಸ್ವಿಚ್ಚು ಮತ್ತೆ ಮುಚ್ಚುವ ಕ್ಷಣಕ್ಕೆ ಸರಿಯಾಗಿ ಆ ಒತ್ತಡವು ತಾನಾಗಿಯೇ ಸೊನ್ನೆಗೆ ಇಳಿದಿರತಕ್ಕದ್ದು. ಮೂರನೆಯದು, ಹಾಗೆ ಸೊನ್ನೆಯನ್ನು ಮುಟ್ಟುವ ಕ್ಷಣದಲ್ಲಿ ಒತ್ತಡದ ಇಳಿತದ ವೇಗವೂ ಸೊನ್ನೆಯಾಗಿರತಕ್ಕದ್ದು.

ವೃತ್ತಿಯು ಈ ನಿಯಮಗಳ ಕಾರಣವನ್ನು ತೋರಿಸುತ್ತದೆ. ಎರಡನೆಯ ನಿಯಮವು ನಡೆದರೆ ಕೆಪಾಸಿಟರು ಬರಿದಾದಮೇಲೆಯೇ ಸ್ವಿಚ್ಚು ಮುಚ್ಚುವುದರಿಂದ ಸುಡತಕ್ಕ ಶಕ್ತಿಯೇ ಅಲ್ಲಿ ಉಳಿದಿರುವುದಿಲ್ಲ. ಮೂರನೆಯ ನಿಯಮವು ಕಾಲದ ಅಲ್ಪ ತಪ್ಪನ್ನು ಕ್ಷಮಿಸುವುದಕ್ಕಾಗಿ ಇದೆ. ದೋಣಿಯು ದಡವನ್ನು ಮುಟ್ಟುವ ಹೊತ್ತಿಗೆ ತನ್ನ ವೇಗವನ್ನು ಕಳೆದುಕೊಂಡಿದ್ದರೆ ಇಳಿಯುವವನು ಒಂದು ಗಳಿಗೆ ಮುಂಚೆ ಕಾಲಿಟ್ಟರೂ ತಡವಾಗಿ ಕಾಲಿಟ್ಟರೂ ಅಪಾಯವಿಲ್ಲ. ಅಂತೆಯೇ ಟ್ರಾನ್ಸಿಸ್ಟರು ನಿಧಾನವಾಗಿ ಮುಚ್ಚಿದರೂ ಒತ್ತಡವು ಸೊನ್ನೆಯ ಆಸುಪಾಸಿನಲ್ಲಿಯೇ ಇರುವುದರಿಂದ ನಷ್ಟವು ಅಲ್ಪವಾಗುವುದು. ಈ ಮೂರು ನಿಯಮಗಳನ್ನು ನಡೆಯಿಸುವ ಹೊಣೆಯು ಟ್ರಾನ್ಸಿಸ್ಟರಿನದಲ್ಲ. ಅದರ ಮುಂದೆ ಜೋಡಿಸಿದ ಸುರುಳಿ ಮತ್ತು ಕೆಪಾಸಿಟರುಗಳ ಜಾಲದ್ದು.

ಪ್ರಬಂಧದ ಮುಖ್ಯವಾದ ಗುಣವು ಇಲ್ಲಿದೆ. ಸ್ವಿಚ್ಚು ನಿಧಾನವೆಂಬುದನ್ನು ಅದು ದೂರುವುದಿಲ್ಲ. ನಿಧಾನವಾಗಿಯೇ ಇರಲಿ ಎಂದು ಒಪ್ಪಿಕೊಂಡು, ಆ ನಿಧಾನವು ಹಾನಿಮಾಡದ ಕಾಲದಲ್ಲಿ ಅದಕ್ಕೆ ಕೆಲಸ ಕೊಡುತ್ತದೆ. ಟ್ರಾನ್ಸಿಸ್ಟರಿನೊಳಗಣ ಕೆಪಾಸಿಟರೂ ಹೀಗೆಯೇ. ‘ಡಿ’ ವರ್ಗದಲ್ಲಿ ಅದು ದೋಷ. ಇಲ್ಲಿ ಅದು ಜಾಲಕ್ಕೆ ಬೇಕಾದ ಕೆಪಾಸಿಟರಿನ ಒಂದು ಅಂಶವಾಗಿ ಲೀನವಾಗುವುದು. ಉದಾಹರಣೆಗೆ, 12 ವೋಲ್ಟಿನ ಪೂರೈಕೆಯಿಂದ 3.9 ಮೆಗಾಹರ್ಟ್ಸಿನಲ್ಲಿ 10 ವಾಟ್ ಪಡೆಯಬೇಕಾದರೆ ಆದರ್ಶಸೂತ್ರಗಳ ಪ್ರಕಾರ ಸುಮಾರು 8.3 ಓಮಿನ ಹೊರೆಯೂ, ಸ್ವಿಚ್ಚಿಗೆ ಅಡ್ಡಲಾಗಿ ಸುಮಾರು 900 ಪಿಕೊಫ್ಯಾರಡಿನ ಕೆಪಾಸಿಟರೂ ಬೇಕು. ಟ್ರಾನ್ಸಿಸ್ಟರು ತಾನಾಗಿ 100ನ್ನು ತಂದಿದ್ದರೆ ಹೊರಗಿನಿಂದ 800ನ್ನು ಸೇರಿಸಿದರಾಯಿತು. ಔಚಿತ್ಯವನ್ನು ಕುರಿತು ಆಲಂಕಾರಿಕರು ಹೇಳುವಂತೆ, ಸ್ಥಾನವರಿತು ಇಟ್ಟಾಗ ಒಂದೆಡೆಯ ದೋಷವು ಇನ್ನೊಂದೆಡೆ ಗುಣವಾಗಿ ಪರಿಣಮಿಸುವುದು. ಯಂತ್ರವನ್ನು ಕಟ್ಟುವ ಮುನ್ನವೇ ಅದರ ಅಂಗಾಂಗಗಳ ಅಳತೆಯನ್ನು ಲೆಕ್ಕದಿಂದ ಗೊತ್ತುಮಾಡಬಹುದೆಂಬ ಕರ್ತೃಗಳ ಹೆಮ್ಮೆಯು ನಿರಾಧಾರವಾದುದಲ್ಲ.

4

ಇನ್ನು ಈ ಸೂತ್ರವನ್ನು ಲಕ್ಷಣವಾಕ್ಯವೆಂದು ಭಾವಿಸಿ ಪರೀಕ್ಷಿಸಬೇಕು. ನೈಯಾಯಿಕರು ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳನ್ನು ಹೇಳಿರುವರು.

ಅಸಂಭವದೋಷವು ಇಲ್ಲವೆಂಬುದು ಪ್ರಯೋಗದಿಂದಲೇ ಸಿದ್ಧ. ನಿಯಮಗಳಿಗೆ ಸಾಕಷ್ಟು ಸಮೀಪವಾಗಿ ನಡೆಯುವ ವರ್ಧಕವನ್ನು ಕಟ್ಟಿ ತೋರಿಸಿದ್ದಾರೆ. ಅತಿವ್ಯಾಪ್ತಿಯೂ ಹೆಚ್ಚಾಗಿ ಕಾಣದು. ಮೂರು ನಿಯಮಗಳೂ ಕೂಡಿಬಂದ ವರ್ಧಕವನ್ನು ಬೇರೆ ಹಳೆಯ ವರ್ಗಕ್ಕೆ ಸೇರಿಸುವಂತಿಲ್ಲ. ಅವ್ಯಾಪ್ತಿಯ ಮಾತು ಹಾಗಲ್ಲ. ಎರಡನೆಯ ನಿಯಮವನ್ನು ನಡೆಯಿಸಿ ಮೂರನೆಯದನ್ನು ಬಿಟ್ಟ ವರ್ಧಕಗಳು ಬಳಕೆಯಲ್ಲಿವೆ; ಅವುಗಳ ದಕ್ಷತೆಯೂ ಚೆನ್ನಾಗಿಯೇ ಇರಬಹುದು; ಎಂಜಿನಿಯರುಗಳು ಅವನ್ನೂ ‘ಇ’ ವರ್ಗವೆಂದೇ ಕರೆದು, ‘ಪರಮಾವಧಿಗೆ ಕೆಳಗಿನದು’ ಎಂಬ ವಿಶೇಷಣವನ್ನು ಮಾತ್ರ ಸೇರಿಸುತ್ತಾರೆ. ಲಕ್ಷಣವನ್ನು ಅಕ್ಷರಶಃ ಹಿಡಿದರೆ ಇವು ಹೊರಗುಳಿಯುವುವು. ಆಂಟೆನದ ಹೊರೆಯು ಬದಲಾದಾಗ ಇನ್ನೊಂದು ತೊಡಕು ಒದಗುವುದು. ಸರಳವಾದ ‘ಇ’ ವರ್ಗದ ಮಂಡಲದಲ್ಲಿ ಮೂರು ನಿಯಮಗಳು ಒಟ್ಟಿಗೆ ನಡೆಯುವುದು ಒಂದು ನಿಯತವಾದ ಹೊರೆಗೆ ಮಾತ್ರ. ಹೊರೆಯು ಸರಿದರೆ ಬೆಳಗಿನಲ್ಲಿ ‘ಇ’ ವರ್ಗವಾಗಿದ್ದ ಯಂತ್ರವೇ ಸಂಜೆಗೆ ಆ ವರ್ಗದಿಂದ ಹೊರಬೀಳುವುದು. ಆದುದರಿಂದ ಈ ಲಕ್ಷಣವು ವಸ್ತುವಿನದಲ್ಲ, ವಸ್ತುವಿನ ಒಂದು ಅವಸ್ಥೆಯದು ಎಂದು ಗ್ರಹಿಸಬೇಕು. ಶಿರೋನಾಮೆಯಾದರೋ ವರ್ಧಕಗಳ ವರ್ಗವೆಂದು ವಸ್ತುವನ್ನೇ ಹೇಳುವಂತಿದೆ.

ವರ್ಗೀಕರಣದಲ್ಲಿ ಸಾಂಕರ್ಯವೂ ಇದೆ. ‘ಎ’, ‘ಬಿ’, ‘ಸಿ’ಗಳನ್ನು ವಿಂಗಡಿಸಿದ ತತ್ತ್ವವು ಆವರ್ತದ ಎಷ್ಟು ಭಾಗದಲ್ಲಿ ಪ್ರವಾಹವು ಹರಿಯುವುದೆಂಬುದು: ಪೂರ್ಣವಾಗಿ ಹರಿದರೆ ‘ಎ’, ಅರ್ಧ ಹರಿದರೆ ‘ಬಿ’, ಅರ್ಧಕ್ಕಿಂತ ಕಡಮೆಯಾದರೆ ‘ಸಿ’. ‘ಡಿ’ಯನ್ನು ಗುರುತಿಸುವುದು ಸ್ವಿಚ್ಚುಗಳ ಜೋಡಣೆಯಿಂದ. ‘ಇ’ಯನ್ನು ಗುರುತಿಸುವುದು ಸ್ವಿಚ್ಚು ಬದಲಾಗುವ ಕ್ಷಣದ ನಿಯಮಗಳಿಂದ. ‘ಎಫ್’ ಎಂದು ಕರೆಯಲಾಗುವ ವಿಧಾನವನ್ನು ಗುರುತಿಸುವುದು ತರಂಗದ ಗುಣಿತಾವರ್ತನಗಳಿಂದ. ಅದನ್ನು ಟೈಲರನು 1958ರಲ್ಲಿಯೇ, ಎಂದರೆ ‘ಇ’ಗೆ ಹದಿನೇಳು ವರ್ಷ ಮೊದಲೇ, ವಿವರಿಸಿದ್ದನು. ವರ್ಣಮಾಲೆಯ ಕ್ರಮವು ಇಲ್ಲಿ ಕಾಲದ ಕ್ರಮವೂ ಅಲ್ಲ, ಗುಣದ ಕ್ರಮವೂ ಅಲ್ಲ, ಒಂದೇ ತತ್ತ್ವದ ಕ್ರಮವೂ ಅಲ್ಲ. ಈ ಸಾಂಕರ್ಯವನ್ನು ಸೋಕಲರು ಆರಂಭಿಸಿದವರಲ್ಲ. ಆದರೆ ಅಕ್ಷರವೊಂದನ್ನು ಕೂಡಿಸಿ ಅದನ್ನು ಬೆಳೆಸಿದವರಲ್ಲಿ ಅವರೂ ಸೇರಿದ್ದಾರೆ.

5

ಕೇಶಿರಾಜನಲ್ಲಿ ಪ್ರಯೋಗವೆಂದರೆ ಉದಾಹರಣೆ, ವಿಜ್ಞಾನಿಗಳಲ್ಲಿ ಪರೀಕ್ಷೆ. ಪ್ರಸ್ತುತ ಪ್ರಬಂಧದಲ್ಲಿ ಎರಡು ಅರ್ಥವೂ ಕೂಡಿದೆ. ಕರ್ತೃಗಳು 2ಎನ್3735 ಎಂಬ ಮಾದರಿಯ ಎರಡು ಟ್ರಾನ್ಸಿಸ್ಟರುಗಳಿಂದ 3.9 ಮೆಗಾಹರ್ಟ್ಸಿನಲ್ಲಿ 26 ವಾಟ್ ಶಕ್ತಿಯನ್ನು ಪಡೆದು, ನೂರಕ್ಕೆ 96ರ ದಕ್ಷತೆಯನ್ನು ವರದಿಮಾಡಿರುವರು. ಈ ಟ್ರಾನ್ಸಿಸ್ಟರು ಒಂದು ಸೆಂಟಿಮೀಟರಿಗೂ ಕಡಮೆ ಅಡ್ಡಳತೆಯ ಲೋಹದ ಡಬ್ಬಿಯಲ್ಲಿ ಅಡಗಿದ ಪುಟ್ಟ ವಸ್ತು. ಆದರ್ಶವಾದ ‘ಬಿ’ ವರ್ಗದಲ್ಲಿಯೇ 26 ವಾಟ್ ಪಡೆಯಲು ಸುಮಾರು 7 ವಾಟ್ ಶಾಖವನ್ನು ತಾಳಬೇಕಾಗುತ್ತಿತ್ತು. ಇಲ್ಲಿ ಅದು 1 ವಾಟಿಗಿಂತ ಸ್ವಲ್ಪ ಮೇಲೆ ಮಾತ್ರ. ಪುಟ್ಟ ಡಬ್ಬಿಯು ಕರಗದೆ ಉಳಿದುದರ ರಹಸ್ಯವು ಇದು.

ಆದರೆ 96 ಎಂಬ ಅಂಕಿಯ ಹಿಂದೆ ಒಂದು ವಿಶೇಷಣವಿದೆ. ಕರ್ತೃಗಳು ಹೇಳಿರುವುದು ಬರಿಯ ದಕ್ಷತೆಯಲ್ಲ, ‘ಟ್ರಾನ್ಸಿಸ್ಟರಿನ ದಕ್ಷತೆ’. ಟ್ರಾನ್ಸಿಸ್ಟರಿನಲ್ಲಿ ನೂರಕ್ಕೆ 4 ಪಾಲು ನಷ್ಟವಾಯಿತೆಂಬುದೇ ಅದರ ಅರ್ಥ. ಸುರುಳಿಯ ತಂತಿಯಲ್ಲಿ ಆಗುವ ನಷ್ಟವೂ, ಟ್ರಾನ್ಸಿಸ್ಟರನ್ನು ತೆರೆದು ಮುಚ್ಚಲು ತಗಲುವ ಶಕ್ತಿಯೂ ಬೇರೆ ಲೆಕ್ಕ. ಈ ವಿಶೇಷಣವನ್ನು ಬಿಡದೆ ಇಟ್ಟುದು ಕರ್ತೃಗಳ ಪ್ರಾಮಾಣ್ಯಕ್ಕೆ ಸಾಕ್ಷಿ. ಅದನ್ನು ಕಳಚಿ ‘ಇ’ ವರ್ಗದ ದಕ್ಷತೆಯು 96 ಎಂದು ಹೇಳುವವರುಂಟಾದರೆ ತಪ್ಪು ಓದಿದವರದು, ಬರೆದವರದಲ್ಲ. ಪದ್ಯದ ಒಂದು ವಿಶೇಷಣವನ್ನು ಬಿಟ್ಟು ಅನ್ವಯಮಾಡುವ ವಿದ್ಯಾರ್ಥಿಗೆ ಅಧ್ಯಾಪಕನು ಹೇಳುವ ಮಾತೇ ಇಲ್ಲಿಯೂ ಸಲ್ಲುತ್ತದೆ.

ಲಾಭಕ್ಕೆ ತೆರಬೇಕಾದ ಬೆಲೆಯೂ ಒಂದುಂಟು. 1977ರಲ್ಲಿ ಫ್ರೆಡರಿಕ್ ರಾಬ್ ಎಂಬಾತನು ‘ಇ’ ವರ್ಗದ ಆದರ್ಶಸ್ಥಿತಿಯ ಪೂರ್ಣವಾದ ಗಣಿತವನ್ನು ಪ್ರಕಟಿಸಿದನು. ಅದರ ಪ್ರಕಾರ ತೆರೆದ ಸ್ವಿಚ್ಚಿನ ಮೇಲಣ ಒತ್ತಡವು ಪೂರೈಕೆಯ 3.56 ಮಡಿಯಷ್ಟು ಏರುವುದು. 12 ವೋಲ್ಟಿನ ಪೂರೈಕೆಗೆ ಸುಮಾರು 43 ವೋಲ್ಟನ್ನು ತಾಳಬಲ್ಲ ಟ್ರಾನ್ಸಿಸ್ಟರು ಬೇಕು. ಶಾಖದಿಂದ ಉಳಿಸಿಕೊಂಡುದರಲ್ಲಿ ಒಂದು ಭಾಗವನ್ನು ಒತ್ತಡಕ್ಕೆ ಒಪ್ಪಿಸಬೇಕಾಯಿತು.

6

ಇನ್ನು ಉಳಿದುದು ಶಿರೋನಾಮೆಯ ‘ಹೊಸ’ ಎಂಬ ಪದ. ಜೆರಾಲ್ಡ್ ಯೂಯಿಂಗ್ ಎಂಬಾತನು 1964ರಲ್ಲಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಡಾಕ್ಟರೇಟ್ ಪ್ರಬಂಧದಲ್ಲಿಯೇ ಈ ಬಗೆಯ ವರ್ಧಕದ ವರದಿಯಿದೆ. ಸೋವಿಯತ್ ದೇಶದ ಎಂಜಿನಿಯರುಗಳು ಕೆಲವರು 1970ರ ಆಸುಪಾಸಿನಲ್ಲಿ ಸ್ವತಂತ್ರವಾಗಿ ಇದೇ ದಿಕ್ಕಿನಲ್ಲಿ ಕೆಲಸ ಮಾಡಿದ್ದರು. ಹೀಗಿರಲಾಗಿ ‘ಹೊಸ’ ಎಂಬ ವಿಶೇಷಣವನ್ನು ಮಂಡಲಕ್ಕೆ ಅನ್ವಯಿಸುವುದು ಕಷ್ಟ. ಅದು ಸಲ್ಲುವುದು ನಿರೂಪಣೆಗೆ: ಚದರಿದ ಅನುಭವವನ್ನು ಮೂರು ನಿಯಮಗಳಾಗಿ ಕಟ್ಟಿ, ಹೆಸರಿಟ್ಟು, ಯಾರು ಬೇಕಾದರೂ ಲೆಕ್ಕಹಾಕಿ ಕಟ್ಟಬಹುದಾದಂತೆ ಮಾಡಿದುದು ಸೋಕಲರೇ. ‘ಕವಿರಾಜಮಾರ್ಗ’ಕ್ಕೆ ಮೊದಲು ಕನ್ನಡದಲ್ಲಿ ಕಾವ್ಯವಿರಲಿಲ್ಲವೆಂದು ಯಾರೂ ಹೇಳುವುದಿಲ್ಲ, ಲಕ್ಷಣವನ್ನು ಹೇಳಿದ ಕೀರ್ತಿಯು ಅದರಿಂದ ಕುಂದುವುದೂ ಇಲ್ಲ.

ಈ ಪದವು ಆ ಪ್ರಬಂಧಪ್ರಕಾರದ ಒಂದು ರೂಢಿಯೆಂಬುದನ್ನೂ ಗಮನಿಸಬೇಕು. ವಿಲಿಯಂ ಡೊಹರ್ಟಿಯು 1936ರಲ್ಲಿ ಪ್ರಕಟಿಸಿದ ಪ್ರಖ್ಯಾತ ಪ್ರಬಂಧದ ಶಿರೋನಾಮೆಯೂ ಹೆಚ್ಚು ದಕ್ಷತೆಯ ‘ಹೊಸ’ ವರ್ಧಕವೆಂದೇ ಆರಂಭವಾಗುವುದು. ಟೈಲರನ 1958ರ ಪ್ರಬಂಧದ್ದೂ ಹಾಗೆಯೇ. ಹಳಗನ್ನಡ ಕವಿಯು ತನ್ನ ಕೃತಿಯನ್ನು ಅಪೂರ್ವವೆಂದು ಕರೆದುಕೊಳ್ಳುವುದಕ್ಕಿಂತ ಇದು ಹೆಚ್ಚು ಭಿನ್ನವಲ್ಲ. ರೂಢಿಯೆಂದು ತಿಳಿದವನು ಮೋಸಹೋಗುವುದಿಲ್ಲ. ಆದರೂ, ರೂಢಿಯ ಮಾತಿಗೆ ಅರ್ಥದ ಹೊಣೆಯುಂಟೆ ಎಂಬುದನ್ನು 1996ರಲ್ಲಿ ಪರರಿಗೆ ಕೇಳಿದವನ ಹೆಸರು ಈ ಶಿರೋನಾಮೆಯ ಕೆಳಗಿದೆಯೆಂಬುದನ್ನು ಮರೆಯುವಂತಿಲ್ಲ.

7

ಪ್ರಬಂಧದ ಫಲವು ಮುಂದೆ ಹೇಗೆ ವಿಸ್ತರಿಸಿತೆಂಬುದೂ ಅದರ ಬೆಲೆಕಟ್ಟುವುದಕ್ಕೆ ಸಹಾಯಕವಾಗಿದೆ. 1952ರಲ್ಲಿ ಲೆನರ್ಡ್ ಕಾನ್ ಎಂಬಾತನು ಒಂದು ಉಪಾಯವನ್ನು ಸೂಚಿಸಿದ್ದನು: ಸಂಕೇತದ ಏರಿಳಿತವನ್ನು ಬೇರ್ಪಡಿಸಿ, ಉಳಿದುದನ್ನು ಹೆಚ್ಚು ದಕ್ಷತೆಯ ವರ್ಧಕದಲ್ಲಿ ಬೆಳೆಸಿ, ಕೊನೆಯಲ್ಲಿ ಪೂರೈಕೆಯ ಒತ್ತಡವನ್ನೇ ಏರಿಳಿಸಿ ಆ ರೂಪವನ್ನು ಮರಳಿ ಕೂಡಿಸುವುದು. ಆದರ್ಶವಾದ ‘ಇ’ ವರ್ಗದಲ್ಲಿ ಹೊರಬರುವ ತರಂಗದ ಎತ್ತರವು ಪೂರೈಕೆಯ ಒತ್ತಡಕ್ಕೆ ಅನುಪಾತದಲ್ಲಿರುವುದರಿಂದ ಈ ಉಪಾಯಕ್ಕೆ ಅದು ಹೊಂದಿಕೊಳ್ಳುವುದು. ಆದರೆ ಆಗ ಪೂರೈಕೆಯ ಪರಿವರ್ತಕವೂ ಚುರುಕಾಗಿರಬೇಕು; ಏರಿಳಿತದ ವೇಗಕ್ಕಿಂತ ಹಲವು ಮಡಿ ವೇಗದಲ್ಲಿ ಅದರ ಸ್ವಿಚ್ಚು ಬದಲಾಗಬೇಕು. ಎರಡರ ದಕ್ಷತೆಯೂ ಗುಣಿಸಲ್ಪಡುವುದರಿಂದ, ಪರಿವರ್ತಕವೂ ವರ್ಧಕವೂ ತಲಾ ನೂರಕ್ಕೆ 90 ಆಗಿದ್ದರೆ ಒಟ್ಟು 81 ಮಾತ್ರ. ವರ್ಧಕದಲ್ಲಿ ಉಳಿಸಿದುದನ್ನು ಪರಿವರ್ತಕದಲ್ಲಿ ಕಳೆದರೆ ಪ್ರಯೋಜನವೇನು?

ಅದೇ ಮೂರು ನಿಯಮಗಳು ಪರಿವರ್ತಕದ ನೆರವಿಗೂ ಬಂದುವು. ರೆಡ್ಲ್, ಮೊಲ್ನಾರ್ ಮತ್ತು ನೇಥನ್ ಸೋಕಲರು 1986ರಲ್ಲಿ ‘ಇ’ ವರ್ಗದ ತತ್ತ್ವದ ಮೇಲೆ 1.5 ಮೆಗಾಹರ್ಟ್ಸಿನಲ್ಲಿ ನಡೆಯುವ ಏಕಮುಖ ವಿದ್ಯುತ್ತಿನ ಪರಿವರ್ತಕವನ್ನು ವಿಶ್ಲೇಷಿಸಿ ಪ್ರಯೋಗದಿಂದ ತೋರಿಸಿದರು. 2001ರಲ್ಲಿ ತಂದೆಯು ಹವ್ಯಾಸಿ ಬಾನುಲಿಗರ ‘ಕ್ಯೂಇಎಕ್ಸ್’ ಎಂಬ ಪತ್ರಿಕೆಯಲ್ಲಿ ಸೂತ್ರಗಳನ್ನು ವಾಸ್ತವವಾದ ಸುರುಳಿಗಳಿಗೆ ಒಪ್ಪುವಂತೆ ತಿದ್ದಿ ಮತ್ತೆ ವಿವರಿಸಿದನು. ಇಪ್ಪತ್ತಾರು ವರ್ಷಗಳ ಬಳಿಕ ತನ್ನ ಲಕ್ಷಣವನ್ನು ತಾನೇ ತಿದ್ದುವ ಲಾಕ್ಷಣಿಕರು ಹೆಚ್ಚಾಗಿ ಸಿಕ್ಕುವುದಿಲ್ಲ. 1975ರ ಪ್ರಬಂಧವು ಮುಚ್ಚಿದ ಸಿದ್ಧಾಂತವಾಗದೆ ತಿದ್ದುವುದಕ್ಕೆ ಎಡೆಗೊಟ್ಟಿತೆಂಬುದೇ ಅದರ ಸ್ಪಷ್ಟತೆಗೆ ದೊಡ್ಡ ಪ್ರಮಾಣ.

8

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಪರರಿಂದ ಕೇಳಿದ ಲೆಕ್ಕವನ್ನು ಈ ಪ್ರಬಂಧವು ಬಹುಮಟ್ಟಿಗೆ ತಾನೂ ಕೊಡುತ್ತದೆ. ಅದರ ನಿಯಮಗಳು ಸುಳ್ಳಾಗಿದ್ದರೆ ಆಸಿಲೋಸ್ಕೋಪಿನ ಪರದೆಯ ಮೇಲೆ ಕ್ಷಣಮಾತ್ರದಲ್ಲಿ ಬಯಲಾಗುವುವು. ಒತ್ತಡದ ಗೆರೆಯು ಸೊನ್ನೆಗೆ ಮೆಲ್ಲನೆ ಇಳಿದು ತಂಗಿದೆಯೆ ಇಲ್ಲವೆ ಎಂಬುದನ್ನು ಕರ್ತೃವಿನ ಹೆಸರನ್ನು ಕೇಳದವನೂ ನೋಡಿ ಹೇಳಬಲ್ಲನು. 1996ರ ಅಣಕವು ಪ್ರಕಟವಾದುದು ಇಂಥ ಪರೀಕ್ಷೆಯನ್ನು ಯಾರೂ ನಡೆಯಿಸದಿದ್ದ ಕಾರಣದಿಂದ.

ಆದರೆ ಪ್ರಬಂಧದಲ್ಲಿ ಆಸಿಲೋಸ್ಕೋಪಿಗೆ ನಿಲುಕದ ಮಾತುಗಳೂ ಇವೆ. ‘ವರ್ಗ’ವೆಂಬುದು ವಸ್ತುವಿಗೆ ಸಲ್ಲುವುದೆ ಅವಸ್ಥೆಗೆ ಸಲ್ಲುವುದೆ ಎಂಬುದನ್ನು ತಿಳಿಯಲು ಲಕ್ಷಣಶಾಸ್ತ್ರವು ಬೇಕು. ‘ಟ್ರಾನ್ಸಿಸ್ಟರಿನ’ ಎಂಬ ವಿಶೇಷಣವನ್ನು ಉಳಿಸಿಕೊಳ್ಳಲು ಅನ್ವಯಕ್ರಮದ ಅಭ್ಯಾಸವು ಬೇಕು. ‘ಹೊಸ’ ಎಂಬುದು ದಿಟವೆ ಎಂದು ನೋಡಲು ಗ್ರಂಥಭಂಡಾರಕ್ಕೆ ಹೋಗಿ ಹಿಂದಿನವರು ಬರೆದುದನ್ನು ಹುಡುಕಿ ಕಾಲಕ್ರಮದಲ್ಲಿ ಜೋಡಿಸಬೇಕು. ಇವು ಮೂರೂ ಸಾಹಿತ್ಯದ ವಿದ್ವಾಂಸರು ಬಹುಕಾಲದಿಂದ ನಡೆಯಿಸಿಕೊಂಡು ಬಂದ ಕೆಲಸಗಳು. ಪ್ರಬಂಧವು ದುರ್ಬಲವಾಗಿರುವ ಎಡೆಗಳು ಎಂಜಿನಿಯರಿನ ಅಳತೆಗೋಲು ತಪ್ಪಿದ ಎಡೆಗಳಲ್ಲ, ಶಬ್ದವಿಮರ್ಶೆಯು ಸಾಲದಾದ ಎಡೆಗಳು. 1996ರ ಪ್ರಕರಣದಿಂದ ಸಾಹಿತ್ಯದವರು ಕಲಿಯತಕ್ಕ ಪಾಠವಿದ್ದಂತೆ 1975ರ ಪ್ರಬಂಧದಿಂದ ಎಂಜಿನಿಯರುಗಳು ಕಲಿಯತಕ್ಕ ಪಾಠವೂ ಒಂದಿದೆ. ಎರಡೂ ಪಾಠಗಳನ್ನು ಒಂದೇ ತರಗತಿಯಲ್ಲಿ ಹೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ.